ಅರ್ಧ ಸ್ವರ ಕೆಳಗೆ
ವೀಜರ್ ರಾಕ್ ತಂಡದ ಎರಡನೇ ಆಲ್ಬಮ್ 'ಪಿಂಕರ್ಟನ್' ನುಡಿಸಬೇಕಾದರೆ ಗಿಟಾರಿನ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿಕೊಳ್ಳಬೇಕು. ಮೊನ್ನೆ ಜೊತೆಗೆ ನುಡಿಸಲು ಬಂದವರೊಬ್ಬರು ಇದಕ್ಕೆ ಒಪ್ಪಲೇ ಇಲ್ಲ. ಮಾಮೂಲಿ ಶ್ರುತಿಯಲ್ಲೇ ನುಡಿಸೋಣ, ಯಾರಿಗೆ ಗೊತ್ತಾಗುತ್ತೆ ಅಂದರು.

ಗೊತ್ತಾಗುತ್ತದೆ. ಬಿಗಿ ತಗ್ಗಿದ ತಂತಿಯನ್ನು ಜೋರಾಗಿ ಮೀಟಿದರೆ ಸ್ವರ ಮೊದಲು ತುಸು ಮೇಲೆ ಚಿಮ್ಮಿ ಆಮೇಲೆ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಎರಡು ಗಿಟಾರುಗಳು ಹೀಗೆ ಒಂದೊಂದು ಅಳತೆಯಲ್ಲಿ ಜಾರಿದಾಗ ನಡುವೆ ಒಂದು ನಡುಕ ಹುಟ್ಟುತ್ತದಲ್ಲ, ಈ ಆಲ್ಬಮ್ಮಿನ 'ಎಲ್ ಸ್ಕಾರ್ಚೊ' ಹಾಡು ನಿಂತಿರುವುದೇ ಅದರ ಮೇಲೆ. ಪೆಡಲ್ ಒತ್ತಿ ಶ್ರುತಿ ಇಳಿಸುವವರೂ ಇದ್ದಾರೆ. ಕಿವಿಗೆ ಸ್ವರ ಇಳಿದಿರುತ್ತದೆ, ಬೆರಳ ಕೆಳಗಿನ ತಂತಿ ಮಾತ್ರ ಮೊದಲಿನಷ್ಟೇ ಬಿಗಿ. ತಂತಿ ಎಳೆದು ಬೆಂಡ್ ಮಾಡುವಾಗ ಆ ಸೋಮಾರಿತನ ಬಯಲಾಗುತ್ತದೆ. ತಂತಿ ಇಳಿಸಲು ಹಿಡಿಯುವ ಎರಡು ನಿಮಿಷವನ್ನೂ ಕೊಡಲಾಗದವರು ಈ ಹಾಡುಗಳ ತಂಟೆಗೆ ಯಾಕೆ ಬರಬೇಕು?

ತಂಡದ 1994ರ ಮೊದಲ ಆಲ್ಬಮ್ಮಿಗೆ ನಿರ್ಮಾಪಕ ರಿಕ್ ಒಕಾಸೆಕ್ ಕೊಟ್ಟ ನುಣುಪು ಜನಕ್ಕೆ ಹಿಡಿಸಿತ್ತು. 1996ರ ಸೆಪ್ಟೆಂಬರಿನಲ್ಲಿ ಬಂದ 'ಪಿಂಕರ್ಟನ್' ಅನ್ನು ತಂಡ ತಾನೇ ನಿರ್ಮಿಸಿತು. ಹಾಡುಗಾರ ರಿವರ್ಸ್ ಕ್ವೋಮೊ ಆಗ ಹಾರ್ವರ್ಡ್ ವಿದ್ಯಾರ್ಥಿ, ಕಾಲಿನ ಶಸ್ತ್ರಚಿಕಿತ್ಸೆಯ ನೋವು ಬೇರೆ. ಬಾಹ್ಯಾಕಾಶದ ಕತೆಯೊಂದರ ರಾಕ್ ಒಪೆರಾ ಕೈಬಿಟ್ಟು ಅವನು ಪುಚ್ಚೀನಿಯ ಒಪೆರಾ 'ಮದಾಮ ಬಟರ್‌ಫ್ಲೈ' ಹಿಡಿದ. ಮುಖಪುಟಕ್ಕೆ ಜಪಾನಿನ ಚಿತ್ರಕಾರ ಹಿರೋಶಿಗೆಯ ಹಿಮದ ರಾತ್ರಿ. ಒಳಗೆ ಗಿಟಾರಿನ ಫೀಡ್‌ಬ್ಯಾಕ್ ಕಿರುಚುತ್ತದೆ, ಡ್ರಮ್ಮು ಕೋಣೆಯನ್ನೇ ಅಲುಗಿಸುತ್ತದೆ, ದನಿ ಒಡೆಯುತ್ತದೆ. ಹತ್ತೇ ಹಾಡು, ಸುಮಾರು 34 ನಿಮಿಷ. ಬಿಲ್‌ಬೋರ್ಡ್ ಪಟ್ಟಿಯಲ್ಲಿ 19ಕ್ಕಿಂತ ಮೇಲೇರಲಿಲ್ಲ. ಆ ವರ್ಷದ ಅತಿ ಕೆಟ್ಟ ಆಲ್ಬಮ್ಮುಗಳಲ್ಲಿ ಇದೂ ಒಂದೆಂದು 'ರೋಲಿಂಗ್ ಸ್ಟೋನ್' ಓದುಗರು ಮತ ಹಾಕಿದರು. 2002ರಲ್ಲಿ ಅದೇ ಪತ್ರಿಕೆಯ ಓದುಗರು ಇದನ್ನು ಸಾರ್ವಕಾಲಿಕ ಶ್ರೇಷ್ಠ ಆಲ್ಬಮ್ಮುಗಳಲ್ಲಿ 16ನೆಯದೆಂದು ಆರಿಸಿದರು!

1996ರಲ್ಲಿ ಬೈದವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಸದ್ದು ಕೇಳಿಸಿತ್ತು, ಅದು ಒಗ್ಗಲಿಲ್ಲ, ಅಷ್ಟೆ. ಸಿಟ್ಟು ಬರುವುದು ಆಮೇಲೆ ಹೊಗಳಿದವರ ಮೇಲೆ. ಅವರ ಬರಹದಲ್ಲಿ ಗಿಟಾರ್ ಇಲ್ಲ, ಪ್ಯಾಟ್ ವಿಲ್ಸನ್‌ನ ಡ್ರಮ್ಮಿಲ್ಲ, ಬರೀ 'ಮನಬಿಚ್ಚಿದ ಆತ್ಮನಿವೇದನೆ' ಎಂಬ ಗುಣಗಾನ. ಜಪಾನಿನ ಅಭಿಮಾನಿ ಹುಡುಗಿಯೊಬ್ಬಳ ಪತ್ರ ಹಿಡಿದು ಹಂಬಲಿಸುವ 'ಅಕ್ರಾಸ್ ದ ಸೀ' ಕೇಳಿದರೆ ಮುಜುಗರವಾಗುತ್ತದೆ, ಆಗಲೇಬೇಕು. ಪುಚ್ಚೀನಿಯ ಪಿಂಕರ್ಟನ್ ಯಾರು? ನಾಗಸಾಕಿಯ ಹುಡುಗಿಯನ್ನು ಮದುವೆಯಾಗಿ, ಬಿಟ್ಟುಹೋಗಿ, ಬೇರೊಬ್ಬ ಹೆಂಡತಿಯೊಡನೆ ಮರಳಿದ ಅಮೆರಿಕದ ನೌಕಾಧಿಕಾರಿ. ಆಲ್ಬಮ್ಮಿಗೆ ಆ ಹೆಸರಿಟ್ಟ ಕ್ವೋಮೊ ತನ್ನನ್ನು ನೊಂದವರ ಸಾಲಿನಲ್ಲಿ ಕೂರಿಸಿಕೊಳ್ಳಲಿಲ್ಲ, ನೋಯಿಸಿದವನ ಜಾಗದಲ್ಲಿ ನಿಲ್ಲಿಸಿಕೊಂಡ. ಕೊನೆಯ ಹಾಡಿನಲ್ಲಿ ಕ್ಷಮೆಯನ್ನೂ ಕೇಳುತ್ತಾನೆ. ಈ ಆಲ್ಬಮ್ಮನ್ನು ಅನುಕರಿಸಿದ ಎಷ್ಟೋ ಎಮೋ ರಾಕ್ ತಂಡಗಳು ಅಳಲನ್ನಷ್ಟೇ ಎತ್ತಿಕೊಂಡು ತಪ್ಪನ್ನೆಲ್ಲ ಹುಡುಗಿಯ ತಲೆಗೆ ಕಟ್ಟಿದವು. ಅಂಥ ಹಾಡುಗಳನ್ನೂ 'ಪಿಂಕರ್ಟನ್' ವಂಶಕ್ಕೆ ಸೇರಿಸಿ ಬರೆಯುವವರು ಆ ಒಪೆರಾವನ್ನೂ ಕೇಳಿಲ್ಲ, ಈ ಆಲ್ಬಮ್ಮನ್ನೂ ಕೇಳಿಲ್ಲ.