ಭುಜ ಒಪ್ಪಿದ ಬಿಲ್ಲು

ಬೊರಿವಲಿ ಪೂರ್ವ, ಮುಂಬಯಿ

ಪ್ರಿಯ ಮಿತ್ರರೇ,

ಉದ್ದಬಿಲ್ಲು ಕೊಳ್ಳಬೇಕು, ಬೇಟೆಯದೋ ಗುರಿ ಹೊಡೆಯುವುದೋ ಎಂದು ಕೇಳಿದ್ದೀರಿ. ಅರ್ಧ ಉತ್ತರವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಕೊಟ್ಟುಬಿಟ್ಟಿದೆ. ಮೋಜಿನ ಬೇಟೆಗೆ ನಮ್ಮಲ್ಲಿ ಜಾಗವಿಲ್ಲ. ನಮ್ಮ ಮನೆ ಹಿಂದಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಚಿರತೆಯಿದೆ, ಜಿಂಕೆಯಿದೆ. ಆದರೆ ಬಿಲ್ಲು ಹೆಗಲಿಗೇರಿಸಿಕೊಂಡು ಅನುಮತಿಯಿಲ್ಲದೆ ಒಳಗೆ ಕಾಲಿಡುವ ಹಾಗೂ ಇಲ್ಲ. ಕಾಯ್ದೆ ಹೇಳುವ ಆಯುಧಗಳಲ್ಲಿ ಬಿಲ್ಲುಬಾಣವೂ ಸೇರಿದೆ. ಬಿಲ್ಲು ಹಿಡಿದ ಬೇಟೆಗಾರ ಈಗ ವಾರ್ಲಿ ಚಿತ್ರಗಳಲ್ಲಿ ಮಾತ್ರ ನಿಶ್ಚಿಂತನಾಗಿ ಓಡಾಡಬಲ್ಲ.

ಆದರೂ ಬೇಟೆಯ ಬಿಲ್ಲಿಗೆ ಒಂದು ಗತ್ತಿದೆ. ಅದಕ್ಕೇ ಮರುಳಾಗಿ ನಾನು ಮೊದಲು ಕೊಂಡದ್ದು ಎಳೆಯಲು 45 ಪೌಂಡು ಬಲ ಬೇಡುವ ಬಿಲ್ಲು. ಬೇಟೆಗಾರನಿಗೆ ಒಂದೇ ಬಾಣ ಸಾಕು. ಅದು ಭಾರವಾಗಿರಬೇಕು, ಆಳಕ್ಕೆ ನಾಟಬೇಕು, ಪ್ರಾಣಿ ನರಳಬಾರದು. ಅದಕ್ಕೇ ಅಷ್ಟು ಬಿಗಿ. ಗುರಿಕಾರನ ಲೆಕ್ಕ ಬೇರೆ. ಸ್ಪರ್ಧೆಯ ಒಂದು ಸುತ್ತಿಗೆ 72 ಬಾಣ ಎಂದಿಟ್ಟುಕೊಳ್ಳಿ. 45 ಪೌಂಡನ್ನು ಅಷ್ಟು ಸಲ ಎಳೆದರೆ ಒಟ್ಟು 3,240 ಪೌಂಡು, ಸುಮಾರು ಒಂದೂವರೆ ಟನ್. 25ರದ್ದಾದರೆ 1,800 ಪೌಂಡು. ಇಪ್ಪತ್ತನೇ ಬಾಣಕ್ಕೇ ನನ್ನ ಕೈ ನಡುಗಿತು, ಹೆದೆ ಬಡಿದು ಮುಂಗೈ ನೀಲಿಗಟ್ಟಿತು. ಮರುದಿನ ಲೋಕಲ್ ಟ್ರೇನಿನಲ್ಲಿ ಮೇಲಿನ ಹಿಡಿಕೆ ಹಿಡಿಯಲೂ ಆಗಲಿಲ್ಲ.

ಆದ್ದರಿಂದ ಅಂಗಡಿಯಲ್ಲಿ ಹೀಗೆ ಮಾಡಿ. ಹೆದೆಯನ್ನು ಕೆನ್ನೆಯವರೆಗೆ ಎಳೆದು ಮನಸ್ಸಿನಲ್ಲೇ ಹತ್ತು ಎಣಿಸಿ. ಅಷ್ಟರೊಳಗೆ ಕೈ ನಡುಗಿದರೆ ಆ ಬಿಲ್ಲು ನಿಮ್ಮದಲ್ಲ. ಹೆದೆಯನ್ನು ನಿಧಾನಕ್ಕೆ ವಾಪಸ್ ತನ್ನಿ, ಥಟ್ಟನೆ ಬಿಡಬೇಡಿ. ಬಾಣವಿಲ್ಲದೆ ಬಿಟ್ಟರೆ ಆ ಶಕ್ತಿಯೆಲ್ಲ ಮರಕ್ಕೇ ತಗುಲಿ ಬಿಲ್ಲು ಸೀಳಬಹುದು. ಬಿಲ್ಲಿನ ಮೇಲೆ ಬರೆದ ಪೌಂಡು ಸಾಮಾನ್ಯವಾಗಿ 28 ಇಂಚಿನ ಎಳೆತಕ್ಕೆ. ನೀವು ನೀಳತೋಳಿನವರು, ಅದರಾಚೆಗಿನ ಒಂದೊಂದು ಇಂಚಿಗೂ ಎರಡು ಮೂರು ಪೌಂಡು ಹೆಚ್ಚುತ್ತದೆ. ದುಬಾರಿ ವಿದೇಶಿ ಬಿಲ್ಲೇ ಆಗಬೇಕೆಂದಿಲ್ಲ. ನಮ್ಮ 'ಇಂಡಿಯನ್ ರೌಂಡ್' ಸ್ಪರ್ಧೆಯಲ್ಲಿ ಬಿದಿರ ಬಿಲ್ಲಿನಿಂದಲೇ 30 ಮತ್ತು 50 ಮೀಟರ್ ಹೊಡೆಯುತ್ತಾರೆ.

ಇನ್ನು ನಮ್ಮೂರಿನ ಮಳೆ. ಒಂದು ಜುಲೈಯಲ್ಲಿ ಹೆದೆ ಬಿಚ್ಚದೆ ಬಿಲ್ಲನ್ನು ಗೋಡೆಗೆ ಒರಗಿಸಿಟ್ಟಿದ್ದೆ. ಗಣಪತಿ ಹಬ್ಬದ ಹೊತ್ತಿಗೆ ಬಾಗು ಹಾಗೇ ಕೂತು, ಬಾಣ ಸೋಮಾರಿಯಂತೆ ಹೋಗತೊಡಗಿತು. ಹೊಡೆದಾದ ಕೂಡಲೇ ಹೆದೆ ಇಳಿಸಿ, ಒಣಬಟ್ಟೆಯಲ್ಲಿ ಒರೆಸಿ, ಅಡ್ಡಡ್ಡ ಮಲಗಿಸಿಡಿ.

ನಿಮ್ಮ ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಹರಳು ಗಿಡದ ಪುಟ್ಟ ಬಿಲ್ಲು ಮಾಡಿ ಕೈಗಿಡುವ ಪದ್ಧತಿಯಿತ್ತಲ್ಲ? ಕೈ ನೋಡಿ ಬಿಲ್ಲು ಮಾಡುವುದು ನಿಮ್ಮ ಹಿರಿಯರಿಗೆ ಗೊತ್ತಿತ್ತು. ಈ ಸಲ ಆರಿಸುವವರು ನೀವು. 25ರದ್ದನ್ನೇ ತನ್ನಿ. ನನ್ನ 45 ಇಲ್ಲೇ ಗೋಡೆಯ ಮೇಲಿದೆ, ಗತ್ತು ಬೇಕೆನಿಸಿದಾಗ ಬಂದು ನೋಡಿಕೊಂಡು ಹೋಗಿ.

ಇಂತಿ,
ನಿಮ್ಮವ