ಕಪ್ಪೆಯೆಂಬ ಮಾತು

ಪ್ರಾಣಿಗಳಿಗೆ ಹೆಸರಿಡುವುದರಲ್ಲಿ ಮನುಷ್ಯರು ಹಿಡಿದ ದಾರಿಗಳು ಮುಖ್ಯವಾಗಿ ಎರಡು. ಕೆಲವರು ಕಣ್ಣನ್ನು ನಂಬಿದರು. ಕೆಲವರು ಕಿವಿಯನ್ನು ನಂಬಿದರು. ಕಪ್ಪೆಯಂತಹ ಅಲ್ಪಜೀವಿಯ ಹೆಸರನ್ನು ಹಿಡಿದು ಹೊರಟರೂ ಈ ಎರಡು ದಾರಿಗಳು ಸ್ಪಷ್ಟವಾಗಿ ಕಾಣುತ್ತವೆ. ಇಂತಹ ವಿಚಾರದಿಂದ ಗೃಹಸ್ಥನಿಗೆ ಏನು ಪ್ರಯೋಜನವೆಂದು ವಾಚಕರು ಕೇಳಬಹುದು. ಪ್ರಯೋಜನವುಂಟೆಂದು ನಾವು ನಂಬಿದ್ದೇವೆ.

ಚೀನದೇಶದವರು ಕಣ್ಣನ್ನು ನಂಬಿದವರು. ಅಲ್ಲಿಯ ಆನ್‌ಯಾಂಗ್ ಪಟ್ಟಣದ ಬಳಿ ನೆಲದೊಳಗಿಂದ ದೊರೆತ ಶಕುನದ ಎಲುಬುಗಳ ಮೇಲಿನ ಬರಹವು 1899ರಲ್ಲಿ ವಿದ್ವಾಂಸರ ಕಣ್ಣಿಗೆ ಬಿದ್ದಿತು. ಮೂರು ಸಾವಿರ ವರ್ಷಗಳಿಗೂ ಹಿಂದಿನ ಆ ಲಿಪಿಯಲ್ಲಿ ಕಪ್ಪೆಯ ಚಿತ್ರವೇ ಅಕ್ಷರವಾಗಿ ನಿಂತಿದೆ: ದೊಡ್ಡ ತಲೆ, ಉಬ್ಬಿದ ಒಡಲು, ಚಾಚಿದ ಕಾಲುಗಳು. ಕಾಲಕ್ರಮದಲ್ಲಿ ಆ ಚಿತ್ರವು ಮೂಲೆಮೂಲೆಯಾಗಿ 13 ಗೆರೆಗಳ ಅಕ್ಷರವಾಯಿತು. ಅದನ್ನು ‘ಮೆಂಗ್’ ಎಂದು ಓದಿದರೆ ಕಪ್ಪೆ. ‘ಮಿನ್’ ಎಂದು ಓದಿದರೆ ಶ್ರಮಪಟ್ಟು ಪ್ರಯತ್ನಿಸುವುದು! ಕಪ್ಪೆಗೂ ಪ್ರಯತ್ನಕ್ಕೂ ಏನು ಸಂಬಂಧ? ಸಂಬಂಧವಿರುವುದು ಉಚ್ಚಾರದಲ್ಲಿಯೇ ಹೊರತು ಅರ್ಥದಲ್ಲಿ ಅಲ್ಲ. ಚಿತ್ರ ಬರೆದು ತೋರಿಸಲಾಗದ ಮಾತಿಗೆ ಸಮಾನಧ್ವನಿಯುಳ್ಳ ಅಕ್ಷರವನ್ನು ಎರವಲು ತಂದರು. ಇಂದು ಚೀನೀಯರು ಕಪ್ಪೆಗೆ ಬಳಸುವ ‘ವಾ’ ಎಂಬ ಅಕ್ಷರವೇ ಬೇರೆ. ಅದರ ಎಡಗಡೆಯಲ್ಲಿ ಹುಳುವಿನ ಗುರುತು, ಬಲಗಡೆಯಲ್ಲಿ ಧ್ವನಿಯ ಗುರುತು. ಕಣ್ಣಿನಿಂದ ಹೊರಟವರೂ ಕೊನೆಗೆ ಕಿವಿಯ ಆಶ್ರಯಕ್ಕೆ ಬಂದರಷ್ಟೆ. ಪ್ರಾಚೀನ ಈಜಿಪ್ಟಿನವರು ಕಪ್ಪೆಯ ಮರಿಯ ಚಿತ್ರವನ್ನು ಬರೆದು ಅದಕ್ಕೆ ‘ಒಂದು ಲಕ್ಷ’ ಎಂಬ ಬೆಲೆಯನ್ನು ಕಟ್ಟಿದರು. ಮಳೆಗಾಲದ ಗದ್ದೆಯಲ್ಲಿ ಗೊದಮೊಟ್ಟೆಗಳನ್ನು ಕಂಡವರಿಗೆ ಆ ಲೆಕ್ಕವು ಉಚಿತವೆಂದೇ ತೋರುವುದು.

ನಮ್ಮ ದೇಶದವರು ಕಿವಿಯನ್ನು ನಂಬಿದವರು. ಅಮರಕೋಶವು ಭೇಕ, ಮಂಡೂಕ, ವರ್ಷಾಭೂ, ಶಾಲೂರ, ಪ್ಲವ, ದರ್ದುರ ಎಂದು ಆರು ಹೆಸರುಗಳನ್ನು ಕೊಡುತ್ತದೆ. ಪ್ಲವವೆಂದರೆ ನೆಗೆಯುವುದು, ವರ್ಷಾಭೂ ಎಂದರೆ ಮಳೆಯಲ್ಲಿ ಹುಟ್ಟುವುದು. ದರ್ದುರವೆಂಬುದಂತೂ ಬಾಯಿಬಿಟ್ಟು ಹೇಳಿದರೆ ಕಪ್ಪೆಯ ಕೂಗೇ ಆಗಿಬಿಡುತ್ತದೆ. ಒಂದು ಬಗೆಯ ವಾದ್ಯಕ್ಕೂ ಅದೇ ಹೆಸರುಂಟು. ಋಗ್ವೇದದ ಏಳನೆಯ ಮಂಡಲದಲ್ಲಿ ಕಪ್ಪೆಗಳಿಗೇ ಮೀಸಲಾದ ಒಂದು ಸೂಕ್ತವಿದೆ. ವರ್ಷವೆಲ್ಲ ಮೌನವ್ರತವನ್ನು ಹಿಡಿದು, ಮಳೆ ಬಂದೊಡನೆ ಬಾಯ್ದೆರೆದ ಬ್ರಾಹ್ಮಣರಿಗೆ ಋಷಿಯು ಅವುಗಳನ್ನು ಹೋಲಿಸಿದ್ದಾನೆ. ವೈಯಾಕರಣರು, ಒಂದು ಸೂತ್ರದ ಪದವು ನಡುವಣ ಸೂತ್ರಗಳನ್ನು ದಾಟಿ ಮುಂದೆ ಅನ್ವಯಿಸುವುದನ್ನು ‘ಮಂಡೂಕಪ್ಲುತಿ’ ಎಂದು ಕರೆದರು.

ಇನ್ನು ಕನ್ನಡದ ಕಪ್ಪೆ. ತುಳುವಿನಲ್ಲಿಯೂ ಇದು ಕಪ್ಪೆ, ತೆಲುಗಿನಲ್ಲಿ ಕಪ್ಪ. ತಮಿಳು ಮಲಯಾಳಗಳು ಮಾತ್ರ ತವಳೆ, ತವಳ ಎಂದು ಬೇರೆ ದಾರಿ ಹಿಡಿದಿವೆ. ಕುಪ್ಪಳಿಸುವುದರಿಂದ ಕಪ್ಪೆಯಾಯಿತೆಂದು ಹೇಳಿಬಿಡುವುದು ಸುಲಭ. ಆದರೆ ಶಬ್ದಗಳ ವಿಷಯದಲ್ಲಿ ಸುಲಭವಾದುದೆಲ್ಲ ಸತ್ಯವಲ್ಲ. ಬಾದಾಮಿಯ ಬಂಡೆಯ ಮೇಲೆ ಸುಮಾರು 700ನೆಯ ಇಸವಿಯಲ್ಲಿ ಕೊರೆದ, ತ್ರಿಪದಿಗಳಿಗಾಗಿ ಪ್ರಸಿದ್ಧವಾದ ಶಾಸನವು ಕಪ್ಪೆ ಅರಭಟ್ಟನೆಂಬ ವೀರನದು. ಅವನಿಗೆ ಈ ಹೆಸರೇಕೆಂದು ಶಾಸನವು ಹೇಳದು. ಈ ಶಬ್ದರೂಪವು ಹದಿಮೂರು ನೂರು ವರ್ಷಗಳಿಂದ ನಮ್ಮೊಡನಿದೆಯೆಂಬುದಂತೂ ದಿಟ.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಮ್ಮ ಸೀಮೆಯಲ್ಲಿ ಈ ಒಂದು ಹೆಸರು ಸಾಲದು. ಹುಲಿಕಲ್ಲು, ಆಗುಂಬೆಗಳ ಮಳೆಯನ್ನು ಕಂಡ ಜನರಿಗೆ ಕಪ್ಪೆಗಳಲ್ಲಿ ಭೇದವೆಣಿಸದೆ ತೀರದು. ಮರಗಪ್ಪೆ ಬೇರೆ, ನೆಲಗಪ್ಪೆ ಬೇರೆ, ಗಂಟಲುಬ್ಬಿಸಿ ಗದ್ದೆಯನ್ನೇ ಅದುರಿಸುವ ಗೋಂಕುರುಕಪ್ಪೆ ಬೇರೆ. ಒಗ್ಗಟ್ಟಿಲ್ಲದ ಸಂಸಾರವನ್ನು ಕಂಡರೆ ಹಿರಿಯರು ‘ಕಪ್ಪೆಯನ್ನು ತಕ್ಕಡಿಗೆ ಹಾಕಿದ ಹಾಗೆ’ ಎನ್ನುತ್ತಾರೆ. ಅಡಿಗೆಯ ಮನೆಯಲ್ಲಿಯೂ ಕಪ್ಪೆಯ ನೆರಳಿದೆ: ನಾವು ತಂಬುಳಿ ಮಾಡುವ ಒಂದೆಲಗವು ಸಂಸ್ಕೃತದಲ್ಲಿ ಮಂಡೂಕಪರ್ಣಿ. ತೀರ್ಥಹಳ್ಳಿಗೆ ಹರಿದುಬರುವ ತುಂಗೆಯ ಮೇಲಣ ದಡದಲ್ಲಿ, ಶೃಂಗೇರಿಯ ಸ್ನಾನಘಟ್ಟದಲ್ಲಿ, ಹಾವಿನ ಹೆಡೆಯ ಕೆಳಗೆ ಕುಳಿತ ಕಪ್ಪೆಯ ಶಿಲ್ಪವಿದೆ. ಅದಕ್ಕೆ ಕಪ್ಪೆಶಂಕರನೆಂದು ಹೆಸರು. ಪ್ರಸವವೇದನೆಯಲ್ಲಿದ್ದ ಕಪ್ಪೆಗೆ ಸರ್ಪವು ನೆರಳಾದುದನ್ನು ಕಂಡು ಶಂಕರಾಚಾರ್ಯರು ಆ ಸ್ಥಳವನ್ನು ಆರಿಸಿಕೊಂಡರೆಂಬ ಕಥೆಯನ್ನು ಮಲೆನಾಡಿನ ಮಕ್ಕಳೆಲ್ಲ ಅಜ್ಜಿಯರಿಂದ ಕೇಳಿಬಲ್ಲರು.

ಹೆಸರಿಡುವ ಈ ಕೆಲಸವು ಇನ್ನೂ ಮುಗಿದಿಲ್ಲ. ಜೋಗದ ಸಮೀಪದ ಕತ್ತಲೆಕಾನಿನಲ್ಲಿ ವಾಸಿಸುವ ಒಂದು ಪುಟ್ಟ ಕಪ್ಪೆಯನ್ನು ವಿಜ್ಞಾನಿಗಳು 2014ರಲ್ಲಿ ಲೋಕಕ್ಕೆ ಪರಿಚಯಿಸಿದರು. ಹೆಣ್ಣು ಮೊಟ್ಟೆಯಿಟ್ಟ ಬಳಿಕ ಗಂಡು ತನ್ನ ಮುಂಗಾಲುಗಳಿಂದ ಕೆಸರನ್ನು ತಂದು ಅವುಗಳಿಗೆ ಮೆತ್ತುತ್ತದೆ. ಅದರ ಶಾಸ್ತ್ರೀಯನಾಮದಲ್ಲಿ ನಮ್ಮ ‘ಕುಂಬಾರ’ ಶಬ್ದವೇ ಸೇರಿದೆ. ಮನೆಮಾತಿನ ಒಂದು ಪದವು ಹೀಗೆ ಭೂಮಂಡಲದ ಪಂಡಿತರ ಬಾಯಲ್ಲಿ ನಿಂತುದು ನಮಗೆ ಹೆಮ್ಮೆಯ ವಿಷಯವಲ್ಲವೆ?

ಆದರೆ ಹೆಮ್ಮೆಯೊಡನೆ ಒಂದು ವ್ಯಥೆಯೂ ಉಂಟು. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದಾಗ ಸಾಗರ, ಹೊಸನಗರಗಳ ಎಷ್ಟೋ ಗದ್ದೆಗಳು ಶರಾವತಿಯಲ್ಲಿ ಮುಳುಗಿದವು. ಉಳಿದ ಗದ್ದೆಗಳಲ್ಲಿ ಬಹಳಷ್ಟು ಅಡಕೆಯ ತೋಟಗಳಾಗಿವೆ. ಕಪ್ಪೆಯ ಕಾಲುಗಳನ್ನು ಪರದೇಶಕ್ಕೆ ಮಾರುವುದನ್ನು 1987ರಲ್ಲಿ ಸರಕಾರವು ನಿಲ್ಲಿಸಿತು. ಆದರೆ ಕೀಟನಾಶಕದ ವಿಷವು ನಿಲ್ಲಲಿಲ್ಲ. ಲೋಕದ ಉಭಯಚರಗಳಲ್ಲಿ ಶೇಕಡ 41ರಷ್ಟು ಜಾತಿಗಳು ಅಳಿವಿನ ಅಂಚಿನಲ್ಲಿವೆಯೆಂದು 2023ರಲ್ಲಿ ಪಂಡಿತರು ಲೆಕ್ಕಹಾಕಿದರು. ನಮ್ಮ ಮನೆಯ ಮಕ್ಕಳು ಪುಸ್ತಕದ ಹಸುರು ಚಿತ್ರವನ್ನು ತೋರಿಸಿ ‘ಫ್ರಾಗ್’ ಎನ್ನಬಲ್ಲರು. ಆರಿದ್ರಾ ಮಳೆಯ ರಾತ್ರಿ ಕೂಗುವುದು ಯಾವ ಕಪ್ಪೆಯೆಂದು ಕೇಳಿದರೆ ಸುಮ್ಮನಾಗುತ್ತಾರೆ. ಅಜ್ಜನಿಗಾದರೋ ಕಿವಿಗೆ ಬಿದ್ದ ಮಾತ್ರಕ್ಕೆ ತಿಳಿಯುತ್ತಿತ್ತು.

ಚೀನೀಯರ ಚಿತ್ರವು ಎಲುಬಿನ ಮೇಲೆ ಮೂರು ಸಾವಿರ ವರ್ಷ ಬಾಳಿತು. ಓದುವವರಿಲ್ಲದಿದ್ದ ಕಾಲದಲ್ಲಿಯೂ ಅದು ನೆಲದೊಳಗೆ ಕಾದಿತ್ತು. ಕಿವಿಯಿಂದ ಹುಟ್ಟಿದ ನಮ್ಮ ಹೆಸರುಗಳಿಗೆ ಅಂತಹ ಎಲುಬಿನ ಆಸರೆಯಿಲ್ಲ. ಕೂಗುವ ಕಪ್ಪೆ ಒಂದು ಕಡೆ, ಅದನ್ನು ಕೇಳಿ ಹೆಸರು ಹೇಳುವ ಬಾಯಿ ಇನ್ನೊಂದು ಕಡೆ: ಎರಡರಲ್ಲಿ ಯಾವುದು ಅಡಗಿದರೂ ಮಾತು ಸಾಯುತ್ತದೆ. ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಮುಂದಿನ ಮಳೆಗಾಲದಲ್ಲಿ ಒಂದು ರಾತ್ರಿ ದೀಪವನ್ನು ಸಣ್ಣದು ಮಾಡಿ, ಮನೆಯ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು, ಕೂಗುತ್ತಿರುವವರು ಯಾರು ಯಾರೆಂದು ಹೇಳಿಕೊಡಿರಿ. ತಮಗೆ ತಿಳಿಯದಿದ್ದರೆ ಊರಿನ ಹಿರಿಯರೊಬ್ಬರನ್ನು ಕರೆದು ಕೇಳಿರಿ. ಅವರು ಇರುವಾಗಲೇ ಕೇಳುವುದು ಲೇಸು.