ತವರು ಮುಳುಗಿದ ಚಿಕ್ಕಮ್ಮ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಮಕ್ಕಳು ಮರಿಗಳೊಡನೆ ಅರಸೀಕೆರೆಗೆ ಬಂದಿದ್ದರು. "ಸಾರ್, ಬೇಲೂರು ಹಳೇಬೀಡನ್ನು ಇನ್ನೊಮ್ಮೆ ನಿಮ್ಮ ಜೊತೆಯಲ್ಲೇ ನೋಡಬೇಕು" ಎಂದು ಹಟ ಹಿಡಿದರು. ಮೊಣಕಾಲಿನ ನೋವನ್ನು ಲೆಕ್ಕಿಸದೆ ಹೊರಟೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಅಲ್ಲಿ ಜನಸಂದಣಿ ಹೆಚ್ಚಿದೆ. ಆದರೂ ಹೊಯ್ಸಳೇಶ್ವರ ದೇವಾಲಯದ ದಕ್ಷಿಣಕ್ಕಿರುವ ಆ ಒಂಟಿ ಕಂಬದ ಬಳಿ ನಿಲ್ಲುವವರು ಈಗಲೂ ಕಡಿಮೆಯೇ.

ಅದು ಕುವರ ಲಕ್ಷ್ಮನ ಕಂಬ. ಆತ ಇಮ್ಮಡಿ ವೀರಬಲ್ಲಾಳನ ದಂಡನಾಯಕ, 'ಗರುಡ' ಎಂಬ ಪ್ರತಿಜ್ಞೆಯನ್ನು ತೊಟ್ಟವನು. ಅರಸನು ಅಳಿದರೆ ತಾನೂ ಅಳಿಯುವೆನೆಂಬುದೇ ಆ ಪ್ರತಿಜ್ಞೆ. 1220ರಲ್ಲಿ ಬಲ್ಲಾಳನು ತೀರಿಕೊಂಡಾಗ ಲಕ್ಷ್ಮನು ಪತ್ನಿ ಸುಗ್ಗಲದೇವಿಯೊಡನೆ ಪ್ರಾಣಾರ್ಪಣೆ ಮಾಡಿದನೆಂದು ಅಲ್ಲಿನ ಶಾಸನ ಸಾರುತ್ತದೆ. ತಮ್ಮ ಶಿರವನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಚಿತ್ರಗಳು ಕಂಬದ ಮೇಲಿವೆ. ನಮ್ಮ ಅರಸೀಕೆರೆಯ ಈಶ್ವರ ದೇವಾಲಯವೂ ಸುಮಾರು ಅದೇ ಕಾಲದ್ದೆಂಬುದನ್ನು ಹೇಳಿ, ನಾನು ಎಂದಿನ ಮೇಷ್ಟ್ರ ಗತ್ತಿನಲ್ಲಿ ವಿವರಣೆಯನ್ನು ಮುಗಿಸಿದೆ. ಶಿಷ್ಯನೊಬ್ಬನ ಮಗಳು, ಹತ್ತು ಹನ್ನೊಂದು ವರ್ಷದವಳಿರಬಹುದು, ಕಂಬವನ್ನೇ ನೋಡುತ್ತಾ ಕೇಳಿದಳು: "ತಾತ, ಸೈನಿಕರ ಕಥೆಯಲ್ಲಿ ಹೆಂಡತಿ ಸಾಯಲೇಬೇಕಾ? ಬದುಕಿದ್ದರೆ ಕಲ್ಲು ನೆಡೋದಿಲ್ವಾ?"

ಮೂವತ್ತನಾಲ್ಕು ವರ್ಷ ಪಾಠ ಹೇಳಿದ ನನಗೆ ಉತ್ತರ ಹೊಳೆಯಲಿಲ್ಲ.

ನಮ್ಮ ಸೀಮೆಯ ವೀರಗಲ್ಲುಗಳನ್ನು ನೀವೆಲ್ಲರೂ ಕಂಡಿದ್ದೀರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳು ಅಂಥ ಶಾಸನಗಳಲ್ಲಿ ಬರುತ್ತವೆ. ದನಗಳನ್ನು ಹೊಡೆದುಕೊಂಡು ಹೋದದ್ದು, ಊರು ಹಾಳಾದದ್ದು, ಹೆಣ್ಣುಮಕ್ಕಳ ಮೊರೆ. ಸಹಗಮನ ಮಾಡಿದವಳಿಗೆ ಬಳೆ ತೊಟ್ಟ ಕೈಯನ್ನೆತ್ತಿ ನಿಂತ ಮಾಸ್ತಿಕಲ್ಲುಂಟು. ಆದರೆ ಊರಳಿದ ಮರುದಿನ ಉಳಿದ ದನವನ್ನು ಹುಡುಕಿ ತಂದು, ಮತ್ತೆ ಉಳಲು ಹೊರಟ ಒಕ್ಕಲಗಿತ್ತಿಗೆ ಕಲ್ಲಿಲ್ಲ. 1311ರಲ್ಲಿ ಮಲಿಕ್ ಕಾಫರನ ದಂಡು ದೋರಸಮುದ್ರಕ್ಕೆ ಬಂದಾಗ ಅಂಥವರು ಎಷ್ಟು ಮಂದಿ ಇದ್ದರೋ!

ಆ ರಾತ್ರಿ ನನಗೆ ನೆನಪಾದವರು ನನ್ನ ಚಿಕ್ಕಪ್ಪ, ಚಿಕ್ಕಮ್ಮ. ನನ್ನ ತಪ್ಪೊಂದು ಈ ಕಥೆಯಲ್ಲಿದೆಯಾದ್ದರಿಂದ ಇದನ್ನು ಇದುವರೆಗೆ ಬರೆದಿರಲಿಲ್ಲ.

ಚಿಕ್ಕಪ್ಪ ನನಗಿಂತ ನಾಲ್ಕೇ ವರ್ಷ ದೊಡ್ಡವರು. 1971ರ ಯುದ್ಧದಲ್ಲಿ ಪೂರ್ವದ ಗಡಿಯಲ್ಲಿದ್ದ ಸಿಪಾಯಿ. 1977ರ ಆರಂಭದಲ್ಲಿ ರಜೆಯ ಮೇಲೆ ಬಂದಾಗ, ರಜೆ ಸಿಗದ ಜೊತೆಗಾರನೊಬ್ಬ ಅವರಿಗೆ ಒಂದು ಕೆಲಸವನ್ನು ಒಪ್ಪಿಸಿದ್ದ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲವದು. 1979ರಲ್ಲಿ ಅದು ಪೂರ್ಣಗೊಂಡಿತು. ಹಿನ್ನೀರಿಗೆ ಸಿಲುಕಲಿದ್ದ ಹಳ್ಳಿಗಳಲ್ಲಿ ಆ ಜೊತೆಗಾರನ ಊರೂ ಒಂದು. "ನಮ್ಮವರು ಸಾಮಾನು ಸಾಗಿಸುತ್ತಿದ್ದಾರೆ, ಗಂಡಾಳಿಲ್ಲ, ಒಮ್ಮೆ ಹೋಗಿ ನೋಡು" ಎಂದು ಆತ ಕೇಳಿಕೊಂಡಿದ್ದ.

ಚಿಕ್ಕಪ್ಪ ಹೋದಾಗ ಮನೆಯ ಹೆಂಚು, ತೊಲೆ, ಬಾಗಿಲು ಎಲ್ಲವೂ ಗಾಡಿಗೇರಿದ್ದವು. ಜೊತೆಗಾರನ ತಂಗಿ ಮಾತ್ರ ಕಣದಲ್ಲಿ ರೋಣಗಲ್ಲಿನ ಪಕ್ಕ ನಿಂತು, ಇದನ್ನು ಬಿಟ್ಟು ಬರಲಾರೆನೆಂದು ವಾದಿಸುತ್ತಿದ್ದಳಂತೆ. ರಾಗಿ ಒಕ್ಕುವ ಆ ಉರುಳುಗಲ್ಲನ್ನು ನಾಲ್ಕಾಳು ಸೇರಿದರೂ ಎತ್ತುವುದು ಕಷ್ಟ. "ಕಲ್ಲು ಎಲ್ಲಿಯೂ ಸಿಗುತ್ತದೆ" ಎಂದು ಹಿರಿಯರು ಗದರಿದರೆ, "ಕಣ ಸಿಗುತ್ತದೆಯೇ?" ಎಂದು ಅವಳು ತಿರುಗಿ ಕೇಳಿದಳಂತೆ. ಚಿಕ್ಕಪ್ಪ ಹಲಗೆ ಇಳಿಬಿಟ್ಟು, ಹಗ್ಗ ಬಿಗಿದು, ಎತ್ತುಗಳಿಂದ ಎಳೆಸಿ ಆ ಕಲ್ಲನ್ನು ಗಾಡಿಗೆ ಹತ್ತಿಸಿದರು. ಅವರಿಬ್ಬರ ಪ್ರಣಯವೆಂದರೆ ಅಷ್ಟೇ. ಆ ದಿನ ಅವರು ಆಡಿದ ಮಾತು ಹತ್ತನ್ನೂ ಮೀರಿರಲಾರದು.

ರಜೆ ಮುಗಿಸಿ ಹೋದವರು ಇನ್‌ಲ್ಯಾಂಡ್ ಪತ್ರ ಬರೆದರು. ಅಜ್ಜಿಗೆ ಓದು ಬಾರದು. ಮಗನ ಕಾಗದಗಳನ್ನು ಓದಿ ಹೇಳುವುದು, ಉತ್ತರ ಬರೆಯುವುದು, ಆಗಷ್ಟೇ ಮೇಷ್ಟ್ರ ಕೆಲಸಕ್ಕೆ ಸೇರಿದ್ದ ನನ್ನ ಪಾಲಿನ ಕರ್ತವ್ಯ. ಯೋಗಕ್ಷೇಮದ ಸಾಲುಗಳಾದ ಮೇಲೆ ಹೀಗಿತ್ತು: "ಅವ್ವಾ, ಆ ರೋಣಗಲ್ಲಿನ ಹುಡುಗಿಯನ್ನೇ ಮದುವೆಯಾಗುವ ಮನಸ್ಸಿದೆ. ನೀನು ಒಮ್ಮೆ ಹೋಗಿ ನೋಡಿ ಬಾ."

ಅಜ್ಜಿ ಅಷ್ಟರಲ್ಲಾಗಲೇ ಬಾಣಾವರದ ನೆಂಟರ ಹುಡುಗಿಯನ್ನು ಮನಸ್ಸಿನಲ್ಲೇ ಸೊಸೆ ಮಾಡಿಕೊಂಡಿದ್ದರು. ಮೇಲಾಗಿ ಹಿಂದಿನ ವಾರವಷ್ಟೇ, "ಊರು ಮುಳುಗಿದವರಲ್ಲಿ ಹೆಣ್ಣು ತಂದರೆ ತವರೆಲ್ಲಿ? ಗೌರಿ ಹಬ್ಬಕ್ಕೆ ಬಾಗಿನ ಎಲ್ಲಿಂದ? ಚೊಚ್ಚಲ ಬಾಣಂತನ ಯಾವ ಮನೆಯಲ್ಲಿ?" ಎಂದು ಬೇರೆ ಯಾರದೋ ಸಂಬಂಧದ ಮಾತಿನಲ್ಲಿ ಹೇಳಿದ್ದರು. ನಾನು ಆ ಎರಡು ಸಾಲುಗಳನ್ನು ಬಿಟ್ಟು ಓದಿದೆ. ಮನೆಯಲ್ಲಿ ಜಗಳವೇಕೆ, ಚಿಕ್ಕಪ್ಪ ಮರೆತಾರು ಎಂದು ಸಮಾಧಾನ ಹೇಳಿಕೊಂಡೆ. ನಿಜವಾಗಿ ಅದು ಹೇಡಿತನ. ಅಜ್ಜಿ ಹೇಳಿಸಿ ಬರೆಸಿದ ಉತ್ತರದಲ್ಲಿ ಬಾಣಾವರದ ಹುಡುಗಿಯ ಮಾತಿತ್ತು. ಅದನ್ನು ಮಾತ್ರ ಒಂದಕ್ಷರವೂ ತಪ್ಪದೆ ಬರೆದೆ. ತರಗತಿಯಲ್ಲಿ ಯಾರಾದರೂ ಸಾಲು ಬಿಟ್ಟು ಓದಿದರೆ ನಾನು ಎಷ್ಟು ಸಿಡುಕುತ್ತಿದ್ದೆನೆಂಬುದು ನಿಮಗೆ ನೆನಪಿರಬೇಕು. ಅದರ ಮೂಲ ಇಲ್ಲಿದೆ.

ಆ ಬಳಿಕ ಚಿಕ್ಕಪ್ಪನಿಂದ ಮನಿಯಾರ್ಡರ್ ಬಂತೇ ಹೊರತು ಕಾಗದ ಬರಲಿಲ್ಲ. ಏಳು ತಿಂಗಳಾದ ಮೇಲೆ ರಜೆಯಲ್ಲಿ ಬಂದರು. ಅರಸೀಕೆರೆ ಜಂಕ್ಷನ್ನಿನಲ್ಲಿ ಅವರ ಕಪ್ಪು ಟ್ರಂಕನ್ನು ಇಳಿಸಿಕೊಳ್ಳುತ್ತಿದ್ದಾಗ, "ಅವ್ವನಿಗೆ ಒಪ್ಪಿಗೆಯಿಲ್ಲ ಅಲ್ಲವೇನೋ?" ಎಂದರು. ನಾನು ತಡೆಯಲಾರದೆ ನಿಜವನ್ನು ಹೇಳಿಬಿಟ್ಟೆ. ಅವರು ಬೈಯಲಿಲ್ಲ. ರೈಲು ಹೊರಟುಹೋಗುವವರೆಗೂ ಹಾಗೆಯೇ ನಿಂತಿದ್ದು, "ಇವತ್ತು ಓದು" ಎಂದಷ್ಟೇ ಹೇಳಿ ಟ್ರಂಕನ್ನು ಹೆಗಲಿಗೇರಿಸಿದರು.

ಅಡುಗೆಮನೆಯ ತಂತಿಗೆ ಚುಚ್ಚಿಟ್ಟಿದ್ದ ಕಾಗದವನ್ನು ತೆಗೆದು ಸಂಜೆ ಪೂರ್ತಿಯಾಗಿ ಓದಿದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಎರಡು ದಿನ ಬಿಟ್ಟು, ಯಾರಿಗೂ ಹೇಳದೆ ನನ್ನನ್ನೇ ಜೊತೆಮಾಡಿಕೊಂಡು ಆ ಕುಟುಂಬವು ನೆಲೆಸಿದ್ದ ಹೊಸ ಜಾಗಕ್ಕೆ ಹೊರಟರು. ಕುರುಚಲು ಕಿತ್ತು ಹಸನು ಮಾಡುತ್ತಿದ್ದ ನೆಲ, ಬೆಳೆಯಿಲ್ಲ, ಕಣವಿಲ್ಲ. ಗುಡಿಸಲಿನ ಮುಂದೆ ರೋಣಗಲ್ಲು ಮಾತ್ರ ಇತ್ತು. ಅಜ್ಜಿ ಅದರ ಮೇಲೆ ಕೈಯಾಡಿಸಿ, "ರಾಗಿ ಇಲ್ಲದಿರುವಾಗಲೂ ಇದನ್ನು ಇಟ್ಟುಕೊಂಡಿದ್ದೀಯಲ್ಲ ಮಗಳೇ" ಎಂದರು. ಹಿಂದಿರುಗುವಾಗ ಬಸ್ಸಿನಲ್ಲಿ ನನ್ನೊಡನೆ ಹೇಳಿದ್ದು ಇಷ್ಟು: "ತವರಿಲ್ಲದಿದ್ದರೆ ನಾನೇ ಆದೇನು."

1978ರಲ್ಲಿ ಮದುವೆಯಾಯಿತು. ಅಜ್ಜಿ ಬದುಕಿರುವವರೆಗೂ ಗೌರಿ ಹಬ್ಬದ ಬಾಗಿನವನ್ನು ತಾವೇ ಕೊಟ್ಟರು. ಮುಂದೆ ಅಣ್ಣಂದಿರು ಪಟ್ಟಣ ಸೇರಿದಾಗ ಆ ಕಲ್ಲೂ ನಮ್ಮ ಹಿತ್ತಿಲಿಗೆ ಬಂತು. ಬೇಸಗೆಯಲ್ಲಿ ಹಿನ್ನೀರು ಇಳಿದು, ಶೆಟ್ಟಿಹಳ್ಳಿಯ ಪಾಳು ಇಗರ್ಜಿ ಬುಡದವರೆಗೂ ಕಾಣುವ ಕಾಲಕ್ಕೆ ಚಿಕ್ಕಪ್ಪ ಚಿಕ್ಕಮ್ಮನನ್ನು ಕರೆದುಕೊಂಡು ಹೋಗುತ್ತಿದ್ದರು. ಬಿರುಕುಬಿಟ್ಟ ಕೆಸರಿನಲ್ಲಿ ತಮ್ಮ ಮನೆಯ ಪಾಯ ಕಂಡರೆ ಅಲ್ಲಿ ಕುಳಿತು ಬುತ್ತಿ ಉಂಡು ಬರುತ್ತಿದ್ದರು. ತವರಿಗೆ ಹೋಗಿ ಬಂದೆವು ಎನ್ನುತ್ತಿದ್ದರು.

ಚಿಕ್ಕಪ್ಪ ನಿವೃತ್ತರಾಗಿ ಬಂದ ಮೇಲೆ ಹೆಂಡತಿಗೆ ಅಕ್ಷರ ಕಲಿಸಿದರು. ಒಂದು ದಿನ ಚಿಕ್ಕಮ್ಮ ತಂತಿಯಲ್ಲಿದ್ದ ಹಳೆಯ ಕಾಗದವನ್ನು ಕೂಡಿಸಿ ಕೂಡಿಸಿ ಓದಿ, ತಾರೀಖನ್ನೂ ನೋಡಿ, "ಇದು ಬಂದು ಏಳು ತಿಂಗಳಾದ ಮೇಲೆ ಅತ್ತೆಯವರು ಬಂದದ್ದು. ನಡುವೆ ಏನಾಯಿತು ಮೇಷ್ಟ್ರೇ?" ಎಂದರು. ಚಿಕ್ಕಪ್ಪ ಅವರಿಗೆ ಹೇಳಿಯೇ ಇರಲಿಲ್ಲ! ನಾನು ಹೇಳಿದೆ. "ಆ ಏಳು ತಿಂಗಳೂ ಸಂಜೆ ಆ ಕಲ್ಲಿನ ಮೇಲೆ ಕೂತು ದಾರಿ ನೋಡಿದ್ದೆ. ಬೇರೆ ಗಂಡು ಬಂದಾಗ ಒಲ್ಲೆ ಎಂದಿದ್ದೆ" ಎಂದರು. ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಮತ್ತೆಂದೂ ಆ ಮಾತನ್ನು ಎತ್ತಲಿಲ್ಲ.

ಇಬ್ಬರೂ ಈಗಿಲ್ಲ. ಮೊದಲು ಹೋದವರು ಚಿಕ್ಕಪ್ಪ. ಚಿಕ್ಕಮ್ಮ ಅವರ ಹಿಂದೆ ಒಂಬತ್ತು ವರ್ಷ ಬದುಕಿ, ಮೊಮ್ಮಕ್ಕಳಿಗೆ ಅಕ್ಷರ ತಿದ್ದಿಸಿ ಹೋದರು. ಒಕ್ಕಣೆಗೆ ಯಂತ್ರ ಬಂದಿರುವುದರಿಂದ ರೋಣಗಲ್ಲಿಗೆ ಕೆಲಸವಿಲ್ಲ. ಹಿತ್ತಿಲಿನ ಹಲಸಿನ ಮರದಡಿಯಲ್ಲಿದೆ.

ಅಂದು ಪ್ರಶ್ನೆ ಕೇಳಿದ ಮಗುವಿನ ತಂದೆ ಇದನ್ನು ಓದುತ್ತಿದ್ದರೆ, ಮುಂದಿನ ರಜೆಯಲ್ಲಿ ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಬರಲಿ. ಆ ಕಲ್ಲನ್ನು ಅವಳಿಗೆ ತೋರಿಸಬೇಕಾಗಿದೆ.